ನಾಲ್ಕು ಗೋಡೆಗೆ ಮಾತ್ರವೇ ಬಾಡಿಗೆ?

ಓದಿಗಾಗಿ ನಗರ ಸೇರುವ ಮಕ್ಕಳು ಸ್ನೇಹಿತರೊಡಗೂಡಿ ಅಪಾರ್ಟ್‌ಮೆಂಟ್‌ನಲ್ಲಿ ಮನೆ ಹಿಡಿಯುವುದು ಈಗ ಸಾಮಾನ್ಯ. ‘ನೀರಿಲ್ಲ, ಲಿಫ್ಟ್ ಕೆಟ್ಟಿದೆ, ಕೇಳಿದರೆ ಉತ್ತರವಿಲ್ಲ’ ಎಂಬ ಗೋಳೂ ಅಷ್ಟೇ ಸಾಮಾನ್ಯ. ಈ ಗೋಳನ್ನು ಯಾರ ಬಳಿ, ಹೇಗೆ ಹೇಳಬೇಕು? ಕಾನೂನು ಎಷ್ಟರಮಟ್ಟಿಗೆ ಜೊತೆಗಿರುತ್ತದೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ‘ಬಾಡಿಗೆಗೆ ಹಿಡಿದು ನೋಡು’ ಎಂದು ಅವರು ಸೇರಿಸಲಿಲ್ಲ. ಅವರ ಕಾಲದ ಬಹುಪಾಲು ಜನ ಹುಟ್ಟಿದ ಮನೆಯಲ್ಲೇ ಬಾಳಿ ಮುಗಿಸುತ್ತಿದ್ದರು. ಇಂದು ಹಾಗಲ್ಲ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಶಿರಸಿಯಿಂದ, ಚಿತ್ರದುರ್ಗದಿಂದ, ಕಲಬುರಗಿಯಿಂದ ಹೊರಟು ಬೆಂಗಳೂರಿಗೆ ಬಂದಿಳಿಯುತ್ತಾರೆ. ಮೊದಲ ವರ್ಷ ಹಾಸ್ಟೆಲ್ಲಿನಲ್ಲೋ ಪಿ.ಜಿ.ಯಲ್ಲೋ ಹೇಗೋ ಕಳೆಯುತ್ತದೆ. ಎರಡನೆಯ ವರ್ಷಕ್ಕೆ ಅಲ್ಲಿನ ಸಾರು ಬೇಸರವಾಗುತ್ತದೆ. ಮೂವರು ನಾಲ್ವರು ಸ್ನೇಹಿತರು ಸೇರಿ ಕಾಲೇಜಿನ ಹತ್ತಿರವೇ ಒಂದು ಫ್ಲಾಟ್ ಹುಡುಕುತ್ತಾರೆ.

ಮನೆ ನೋಡುವ ಕೆಲಸ ಹೆಚ್ಚೆಂದರೆ ಕಾಲು ಗಂಟೆಯದು. ಭಾನುವಾರ ಬೆಳಿಗ್ಗೆ ಊರಿನಿಂದ ಬಂದ ತಂದೆಗೆ ರಾತ್ರಿ ಬಸ್ಸಿಗೆ ಹಿಂದಿರುಗುವ ಅವಸರ. ದಲ್ಲಾಳಿಗೆ ಇನ್ನೊಂದು ಗಿರಾಕಿ ಕಾದಿರುವ ಅವಸರ. ಹೊಸದಾಗಿ ಬಳಿದ ಬಣ್ಣ, ಮಿರುಗುವ ಟೈಲ್ಸ್, ಗೇಟಿನಲ್ಲಿ ಸಮವಸ್ತ್ರ ತೊಟ್ಟ ಕಾವಲುಗಾರ. ಇಷ್ಟು ಕಂಡರೆ ಸಾಕು, ಮುಂಗಡ ಕೈ ಬದಲಾಗುತ್ತದೆ.

ಎರಡು ತಿಂಗಳು ಕಳೆಯುವುದರೊಳಗೆ ಫೋನು ಬರತೊಡಗುತ್ತದೆ.

‘ಅಪ್ಪಾ, ಮೂರು ದಿನದಿಂದ ನೀರು ಸರಿಯಾಗಿ ಬರ್ತಿಲ್ಲ.’

‘ಓನರ್‌ಗೆ ಹೇಳೋ.’

‘ಹೇಳಿದೆ. ಅಸೋಸಿಯೇಷನ್‌ನವರನ್ನ ಕೇಳು ಅಂದ್ರು.’

‘ಅವರೇನಂತಾರೆ?’

‘ಬಾಡಿಗೆಯವರ ಹತ್ರ ಮಾತಾಡಲ್ವಂತೆ. ಓನರೇ ಬರಬೇಕಂತೆ.’

ಈ ಸಂಭಾಷಣೆಯಲ್ಲಿ ನೀರಿನ ಬದಲು ಸೋರುವ ಗೋಡೆಯನ್ನೋ, ನಿಂತ ಲಿಫ್ಟನ್ನೋ, ನಾರುವ ಚರಂಡಿಯನ್ನೋ, ಬಚ್ಚಲಲ್ಲಿ ಹರಿದಾಡುವ ಜಿರಳೆಯನ್ನೋ ಇಟ್ಟು ನೋಡಿ. ಮಾತು ಬದಲಾಗುವುದಿಲ್ಲ. ಅಪಾರ್ಟ್‌ಮೆಂಟಿನ ಬಾಡಿಗೆದಾರನ ಅಸಮಾಧಾನಕ್ಕೆ ಕೊರತೆಗಳು ಒಂದು ಕಾರಣವಾದರೆ, ಅವನ್ನು ಕೇಳಲು ಒಬ್ಬ ಮನುಷ್ಯ ಸಿಗದಿರುವುದು ಇನ್ನೂ ದೊಡ್ಡ ಕಾರಣ.

ವಠಾರದಲ್ಲಿ ಮಾಲೀಕ ಕಾಣುತ್ತಿದ್ದ

ಹಳೆಯ ಬೆಂಗಳೂರು, ಮೈಸೂರುಗಳ ವಠಾರಗಳನ್ನು ಕಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಉದ್ದಕ್ಕೆ ಸಾಲುಮನೆಗಳು, ನಡುವೆ ಅಂಗಳ, ಮೂಲೆಯಲ್ಲಿ ಒಂದೇ ನಲ್ಲಿ. ಸೌಕರ್ಯ ಕಡಿಮೆ, ಗೋಪ್ಯವಂತೂ ಇಲ್ಲವೇ ಇಲ್ಲ. ಆದರೆ ಸಾಮಾನ್ಯವಾಗಿ ಮಾಲೀಕರೂ ಅಲ್ಲೇ ಮುಂದಿನ ಮನೆಯಲ್ಲಿರುತ್ತಿದ್ದರು. ನಲ್ಲಿಯಲ್ಲಿ ನೀರು ನಿಂತರೆ ಅವರ ಕೊಡವೂ ಖಾಲಿ. ಸೂರು ಸೋರಿದರೆ ‘ರಾಯರೇ, ಒಂದು ಸಲ ಬಂದು ನೋಡಿ’ ಎಂದು ಬಾಗಿಲಲ್ಲಿ ನಿಂತು ಕೇಳಬಹುದಿತ್ತು. ಜಗಳವಾದರೂ ಅದು ಇಬ್ಬರು ಮನುಷ್ಯರ ನಡುವಿನ ಜಗಳ.

ಅಪಾರ್ಟ್‌ಮೆಂಟು ವಠಾರವನ್ನೇ ಎತ್ತಿ ನಿಲ್ಲಿಸಿದಂತೆ ಕಾಣುತ್ತದೆ, ಆದರೆ ಅದರ ಒಳಗಿನ ವ್ಯವಸ್ಥೆ ಬೇರೆ. ಫ್ಲಾಟಿನ ಮಾಲೀಕರು ಜಯನಗರದಲ್ಲಿರಬಹುದು, ಜರ್ಮನಿಯಲ್ಲೂ ಇರಬಹುದು. ಮನೆ ತೋರಿಸಿದ ದಲ್ಲಾಳಿಯ ಕೆಲಸ ಕಮಿಷನ್ ಪಡೆದ ದಿನವೇ ಮುಗಿದಿದೆ. ಸಂಪು, ಬೋರ್‌ವೆಲ್, ಲಿಫ್ಟು, ಜನರೇಟರ್, ಮೆಟ್ಟಿಲು, ತಾರಸಿ ಇವೆಲ್ಲ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲ ಫ್ಲಾಟ್ ಮಾಲೀಕರಿಗೆ ಸೇರಿದ ಸಾಮಾನ್ಯ ಸ್ವತ್ತು. ಇವುಗಳ ನಿರ್ವಹಣೆ ಮಾಲೀಕರ ಸಂಘದ್ದು.

ಕರ್ನಾಟಕದಲ್ಲಿ ಇಂಥ ಸಂಘಗಳಿಗೆ ಆಧಾರವಾಗಿರುವುದು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ. ಹೆಸರೇ ಹೇಳುವಂತೆ ಅದು ಒಡೆಯರಿಗಾಗಿ ಮಾಡಿದ ಕಾಯಿದೆ. ಸಂಘದ ಬೈಲಾಗಳಿಗೆ ಬಾಡಿಗೆದಾರರೂ ಒಳಪಡಬೇಕು. ಆದರೆ ಸಂಘದ ಸದಸ್ಯತ್ವ, ಮತ ಎರಡೂ ಒಡೆಯರಿಗೇ. ತಿಂಗಳು ತಿಂಗಳು ನಿರ್ವಹಣಾ ಶುಲ್ಕವನ್ನು ಬಾಡಿಗೆದಾರನೇ ಕಟ್ಟುತ್ತಿದ್ದರೂ, ಆ ಹಣದಲ್ಲಿ ಲಿಫ್ಟು ರಿಪೇರಿಯಾಗಬೇಕೋ ಗೇಟಿಗೆ ಹೊಸ ಫಲಕ ಬೀಳಬೇಕೋ ಎಂದು ತೀರ್ಮಾನಿಸುವ ಸಭೆಯಲ್ಲಿ ಅವನಿಗೆ ಕುರ್ಚಿಯಿಲ್ಲ.

ಆದ್ದರಿಂದ ಮೊದಲು ತಿಳಿದಿರಬೇಕಾದದ್ದು ಇಷ್ಟು: ಬಾಡಿಗೆದಾರನ ಕರಾರು ಇರುವುದು ಫ್ಲಾಟಿನ ಮಾಲೀಕರೊಂದಿಗೆ, ಸಂಘದೊಂದಿಗಲ್ಲ. ಸಂಘದ ಸದಸ್ಯರಾಗಿ ಅಲ್ಲಿ ಕೇಳುವ ಹಕ್ಕಿರುವುದು ಮಾಲೀಕರಿಗೇ. ‘ಅಸೋಸಿಯೇಷನ್ ಕೇಳು’ ಎಂದು ಅವರು ಕೈ ತೊಳೆದುಕೊಂಡರೆ ವಿದ್ಯಾರ್ಥಿ ವಿನಯದಿಂದಲೇ ಹೇಳಬಹುದು: ‘ಸರ್, ಅಲ್ಲಿ ನಮ್ಮ ಮಾತು ನಡೆಯಲ್ಲ. ನಿಮ್ಮ ಕಡೆಯಿಂದ ಒಂದು ಪತ್ರ ಕೊಡಿ.’

ನೀರಿನ ಲೆಕ್ಕ

ಬೆಂಗಳೂರಿನ ಬಾಡಿಗೆದಾರನ ದೂರುಗಳಲ್ಲಿ ನೀರಿಗೆ ಸದಾ ಮೊದಲ ಸಾಲಿನಲ್ಲಿ ಜಾಗವಿದೆ. ಅದಕ್ಕೆ ಕಾರಣವೂ ಇದೆ. ನಗರ ಕುಡಿಯುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನ ಮೂಲಕ ಮೇಲೇರಿ ಬರಬೇಕು. 1974ರಲ್ಲಿ ಮೊದಲ ಹಂತದ ನೀರು ಬಂತು. ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಈ ಹಂತವನ್ನು ರೂಪಿಸಿದ್ದು ಮುಖ್ಯವಾಗಿ 2007ರಲ್ಲಿ ನಗರದ ಆಡಳಿತಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಹೊಸ ಅಪಾರ್ಟ್‌ಮೆಂಟುಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಹೆಚ್ಚಾಗಿ ಎದ್ದದ್ದು ಇಂಥ ಹೊರವಲಯದಲ್ಲೇ. ಕೊಳವೆ ಬರುವ ಮುಂಚೆ ಕಟ್ಟಡ ಬಂದಿತ್ತು. ನಡುವಿನ ಕಾಲವನ್ನು ಬೋರ್‌ವೆಲ್ಲುಗಳೂ ಟ್ಯಾಂಕರುಗಳೂ ತುಂಬಿದವು.

2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಒಣಗಿದಾಗ ಇದರ ಬಿಸಿ ಎಲ್ಲರಿಗೂ ತಟ್ಟಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಗಳಿಗೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆ ಮಾರ್ಚ್‌ನಲ್ಲಿ ಆಜ್ಞೆ ಹೊರಡಿಸಿತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ನೀರು ಪೂರೈಕೆ ಯೋಜನೆಗಳ ಅಳತೆಗೋಲು. 24 ಫ್ಲಾಟುಗಳ ಕಟ್ಟಡದಲ್ಲಿ ಮನೆಗೆ ನಾಲ್ವರಂತೆ 96 ಜನ. ದಿನಕ್ಕೆ ಬೇಕಾದದ್ದು 12,960 ಲೀಟರ್. ಅಂದರೆ 12,000 ಲೀಟರಿನ ದೊಡ್ಡ ಟ್ಯಾಂಕರ್ ಒಂದು ಬಂದರೂ ಸಾಲದು. ಬೋರ್‌ವೆಲ್ ಪೂರ್ತಿ ಬತ್ತಿದ ತಿಂಗಳಲ್ಲಿ, ಟ್ಯಾಂಕರಿಗೆ 1,000 ರೂಪಾಯಿ ಎಂದುಕೊಂಡರೂ ತಿಂಗಳಿಗೆ 32,400 ರೂಪಾಯಿ, ಮನೆಯೊಂದಕ್ಕೆ 1,350 ರೂಪಾಯಿ ಬೀಳುತ್ತದೆ.

ಈ 1,350 ರೂಪಾಯಿ ಯಾರು ಕೊಡಬೇಕು? ಮನೆ ನೋಡಲು ಹೋದಾಗ ಕೇಳಬೇಕಾದ ಪ್ರಶ್ನೆ ಇದೇ. ನೀರು ಎಲ್ಲಿಂದ ಬರುತ್ತದೆ, ಕಾವೇರಿ ಸಂಪರ್ಕ ಇದೆಯೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಅದು ನಿರ್ವಹಣಾ ಶುಲ್ಕದೊಳಗೋ ಹೊರಗೋ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಜಗಳವಾಡುವುದಕ್ಕಿಂತ ಜೂನ್‌ನಲ್ಲಿ ಕೇಳುವುದು ಸುಲಭ. ಉತ್ತರವನ್ನು ಮಾಲೀಕರಿಂದ ಮಾತ್ರ ಪಡೆಯದೆ ಎದುರು ಫ್ಲಾಟಿನ ಬಾಗಿಲು ತಟ್ಟಿ, ಕಾವಲುಗಾರನನ್ನೂ ಮಾತಾಡಿಸಿ ತಿಳಿಯುವುದು ಜಾಣತನ. ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದು ಅವನಷ್ಟು ಸರಿಯಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಕಿರಿಕಿರಿ ಬೇರೆ, ಅಪಾಯ ಬೇರೆ

ಎಲ್ಲ ದೂರುಗಳೂ ಒಂದೇ ತೂಕದವಲ್ಲ. ಬಣ್ಣ ಮಾಸಿದ ಗೋಡೆಯೊಂದಿಗೆ ವರ್ಷ ಕಳೆಯಬಹುದು. ಕೆಲವನ್ನು ಒಂದು ದಿನವೂ ಸಹಿಸಬಾರದು.

ಮೊದಲನೆಯದು ಗ್ಯಾಸ್ ಗೀಸರ್. ಗಾಳಿಯಾಡದ ಸಣ್ಣ ಬಚ್ಚಲಿನೊಳಗೆ ಇದನ್ನು ಕೂರಿಸಿದರೆ, ಉರಿಯುವ ಅನಿಲ ಕೋಣೆಯ ಆಮ್ಲಜನಕವನ್ನು ತಿನ್ನುತ್ತಾ ಇಂಗಾಲದ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತುವುದು ತಿಳಿಯುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಉಳಿದಿರುವುದಿಲ್ಲ. ಬಾಡಿಗೆ ಮನೆಗಳಲ್ಲಿ ಹೀಗೆ ಯುವಕ ಯುವತಿಯರು ಸತ್ತ ಸುದ್ದಿ ಬೆಂಗಳೂರಿನಿಂದಲೇ ಮತ್ತೆ ಮತ್ತೆ ಬಂದಿದೆ. ಗೀಸರ್ ಬಚ್ಚಲಿನ ಹೊರಗಿರಬೇಕು, ಬಚ್ಚಲಿಗೆ ಗಾಳಿಯ ಕಿಂಡಿ ತೆರೆದಿರಬೇಕು. ಇವೆರಡೂ ಇಲ್ಲದ ಮನೆಯಲ್ಲಿ ಅದನ್ನು ಬಳಸಲೇಬಾರದು. ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಈ ವಿಷಯದಲ್ಲಿ ರಾಜಿ ಸಲ್ಲ.

ಎರಡನೆಯದು ವಿದ್ಯುತ್ತು. ಸೋರುವ ಗೋಡೆಯ ಮೇಲಿರುವ ಸ್ವಿಚ್ ಬೋರ್ಡು, ಮುಟ್ಟಿದರೆ ಜುಮ್ಮೆನ್ನುವ ನಲ್ಲಿ ಇವು ಅಪಾಯದ ಗುರುತುಗಳು. ಮೀಟರಿನ ಬಳಿ ಅಥವಾ ಮನೆಯೊಳಗಿನ ಡಬ್ಬಿಯಲ್ಲಿ ಶಾಕ್ ತಡೆಯುವ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಇದೆಯೇ, ಅದರ ‘ಟೆಸ್ಟ್’ ಗುಂಡಿ ಒತ್ತಿದರೆ ವಿದ್ಯುತ್ ಕಡಿಯುತ್ತದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

ಮೂರನೆಯದು ಲಿಫ್ಟು. 2012ರ ಕರ್ನಾಟಕ ಲಿಫ್ಟ್ ಕಾಯಿದೆಯ ಪ್ರಕಾರ ಲಿಫ್ಟಿಗೆ ಪರವಾನಗಿ ಬೇಕು, ಅದು ತಪಾಸಣೆಗೆ ಒಳಪಡಬೇಕು. ಇದನ್ನು ನೋಡಿಕೊಳ್ಳುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಲಿಫ್ಟು ಮಹಡಿಗಳ ನಡುವೆ ನಿಲ್ಲುವುದು, ಬಾಗಿಲು ತೆರೆದೇ ಚಲಿಸುವುದು ಕಂಡರೆ ಅದನ್ನು ಸಂಘದ ಔದಾರ್ಯಕ್ಕೆ ಬಿಡಬೇಕಾಗಿಲ್ಲ. ಪರಿವೀಕ್ಷಣಾಲಯಕ್ಕೆ ಯಾರು ಬೇಕಾದರೂ ಬರೆದು ತಿಳಿಸಬಹುದು.

ಕಾನೂನು ಎಲ್ಲಿ ನಿಲ್ಲುತ್ತದೆ?

‘ಬಾಡಿಗೆ ಕಾಯಿದೆ ಇದೆಯಲ್ಲ’ ಎಂದು ಅನೇಕ ತಂದೆತಾಯಿಗಳು ಧೈರ್ಯ ತಂದುಕೊಳ್ಳುತ್ತಾರೆ. ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 1999ರ ಬಾಡಿಗೆ ಕಾಯಿದೆ ಬಂದು, 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿತು. ಆ ದರಕ್ಕೆ ಇಂದು ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲಾಟು ಸಿಗುವ ಮಾತೇ ಇಲ್ಲ.

ಹಾಗಾಗಿ ವಿದ್ಯಾರ್ಥಿಗಳ ಫ್ಲಾಟಿಗೆ ಅನ್ವಯಿಸುವುದು ಬ್ರಿಟಿಷರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯಿದೆ. ಇದರ 108ನೇ ಕಲಮು ಬಾಡಿಗೆದಾರನಿಗೆ ನಾಲ್ಕು ಮುಖ್ಯ ಆಸರೆಗಳನ್ನು ಕೊಡುತ್ತದೆ. ಒಂದು, ತನಗೆ ಗೊತ್ತಿರುವ, ಮೇಲುನೋಟಕ್ಕೆ ಕಾಣದ ದೊಡ್ಡ ದೋಷವನ್ನು ಮಾಲೀಕ ಮೊದಲೇ ಹೇಳಬೇಕು. ಎರಡು, ಬಾಡಿಗೆ ಕಟ್ಟಿ ಕರಾರಿನಂತೆ ನಡೆಯುವವನನ್ನು ಅವಧಿ ಮುಗಿಯುವ ತನಕ ಅಡ್ಡಿಪಡಿಸದೆ ಇರಗೊಡಬೇಕು. ಮೂರು, ತಾನು ಮಾಡಿಸಲು ಬದ್ಧನಾಗಿರುವ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಮಾಲೀಕ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ನಾಲ್ಕು, ಮನೆ ಬಿಡುವಾಗ ಅದನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಬಳಕೆಯಿಂದಾದ ಸವಕಳಿ ಅವನ ತಪ್ಪಲ್ಲ.

ಮೂರನೆಯದನ್ನು ಮತ್ತೊಮ್ಮೆ ಓದಿ ನೋಡಬೇಕು. ‘ಬದ್ಧನಾಗಿರುವ ರಿಪೇರಿ’ ಎಂಬ ಮಾತಿನಲ್ಲೇ ಎಲ್ಲ ಅಡಗಿದೆ. ಯಾವ ರಿಪೇರಿಗೆ ಮಾಲೀಕ ಬದ್ಧ ಎಂಬುದನ್ನು ಆ ಹಳೆಯ ಕಾಯಿದೆ ತಾನಾಗಿ ಪಟ್ಟಿ ಮಾಡಿ ಹೇಳುವುದಿಲ್ಲ, ಅದನ್ನು ಕರಾರು ಪತ್ರ ಹೇಳಬೇಕು. ಮೇಲಿನ ನಾಲ್ಕು ಆಸರೆಗಳೂ ಸಹ ಕರಾರಿನಲ್ಲಿ ಬೇರೆ ಏನನ್ನೂ ಬರೆದುಕೊಂಡಿಲ್ಲದಿದ್ದರೆ ಮಾತ್ರ. ಪೇಟೆಯಲ್ಲಿ ಸಿಗುವ ಸಿದ್ಧ ನಮೂನೆಯ ಕರಾರಿನಲ್ಲಿ ಬಾಡಿಗೆದಾರ ಮಾಡಬಾರದ್ದು ಹತ್ತಾರು ಸಾಲು ಇರುತ್ತದೆ, ಮಾಲೀಕ ಮಾಡಬೇಕಾದದ್ದು ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಓದದೆ ಸಹಿ ಹಾಕಿದ ಆ ಎರಡು ಹಾಳೆಗಳೇ ಮುಂದಿನ ಹನ್ನೊಂದು ತಿಂಗಳ ಹಣೆಬರಹ.

ಹನ್ನೊಂದೇ ತಿಂಗಳು ಏಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಕಂಡುಕೊಂಡ ದಾರಿ ಇದು. ಇನ್ನು ಸಹಿ ಹಾಕುವವರಿಗೆ 18 ತುಂಬಿರಬೇಕು. ಪಿಯುಸಿ ಓದುವ ಮಕ್ಕಳ ಪರವಾಗಿ ತಂದೆಯೋ ತಾಯಿಯೋ ಸಹಿ ಹಾಕುವುದೇ ಸರಿ.

ವಾಷಿಂಗ್ಟನ್ನಿನ ಒಂದು ತೀರ್ಪು

‘ಬಾಡಿಗೆ ಕೊಡುವುದು ಯಾತಕ್ಕೆ?’ ಎಂಬ ಮೂಲ ಪ್ರಶ್ನೆಯನ್ನು ನ್ಯಾಯಾಲಯವೊಂದು ನೇರವಾಗಿ ಎತ್ತಿಕೊಂಡದ್ದು ಅಮೆರಿಕದಲ್ಲಿ. ರಾಜಧಾನಿ ವಾಷಿಂಗ್ಟನ್ನಿನ ಕ್ಲಿಫ್ಟನ್ ಟೆರೇಸ್ ಎಂಬ ಅಪಾರ್ಟ್‌ಮೆಂಟ್ ಸಮುಚ್ಚಯದ ಕೆಲವು ಬಾಡಿಗೆದಾರರು 1966ರ ಏಪ್ರಿಲ್ ತಿಂಗಳ ಬಾಡಿಗೆ ಕಟ್ಟಲಿಲ್ಲ. ಮಾಲೀಕ ಸಂಸ್ಥೆ ಅವರನ್ನು ಹೊರಹಾಕಲು ದಾವೆ ಹೂಡಿತು. ವಸತಿ ನಿಯಮಗಳ ಸುಮಾರು 1,500 ಉಲ್ಲಂಘನೆಗಳು ಕಟ್ಟಡದಲ್ಲಿವೆ ಎಂಬುದು ಬಾಡಿಗೆದಾರರ ವಾದ.

ಇಂಗ್ಲಿಷ್ ಕಾನೂನಿನ ಹಳೆಯ ತತ್ತ್ವದಲ್ಲಿ ಬಾಡಿಗೆಯೆಂದರೆ ಭೂಮಿಗೆ ಕೊಡುವ ಹಣ. ರೈತನಿಗೆ ನೆಲ ಮುಖ್ಯ, ಗುಡಿಸಲನ್ನು ಅವನೇ ರಿಪೇರಿ ಮಾಡಿಕೊಳ್ಳಬಲ್ಲ. 1970ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಜೆ. ಸ್ಕೆಲ್ಲಿ ರೈಟ್ ಈ ತತ್ತ್ವ ನಗರದ ಫ್ಲಾಟಿಗೆ ಹೊಂದುವುದಿಲ್ಲ ಎಂದರು. ಅಪಾರ್ಟ್‌ಮೆಂಟಿಗೆ ಬರುವವನು ಬರೀ ಗೋಡೆ ಸೂರುಗಳನ್ನು ಕೊಳ್ಳುವುದಿಲ್ಲ. ಬೆಳಕು, ಗಾಳಿ, ಚಳಿಗೆ ಶಾಖ, ನೆಟ್ಟಗಿರುವ ನಲ್ಲಿ, ಭದ್ರವಾದ ಬಾಗಿಲು, ಶುಚಿತ್ವ, ನಿರ್ವಹಣೆ ಎಲ್ಲವೂ ಕೂಡಿದ ಒಂದು ಗಂಟನ್ನು ಕೊಳ್ಳುತ್ತಾನೆ. ಆದ್ದರಿಂದ ಮನೆ ವಾಸಯೋಗ್ಯವಾಗಿರುತ್ತದೆ ಎಂಬ ಭರವಸೆ ಕರಾರಿನಲ್ಲಿ ಬರೆಯದಿದ್ದರೂ ಇದ್ದೇ ಇರುತ್ತದೆ ಎಂದು ಅವರ ತೀರ್ಪು. ಅಮೆರಿಕದ ಬಹುಪಾಲು ರಾಜ್ಯಗಳು ಮುಂದೆ ಈ ತತ್ತ್ವವನ್ನು ಒಪ್ಪಿಕೊಂಡವು. ಇಂದು ಎಂ.ಎಸ್. ಓದಲು ಅಲ್ಲಿಗೆ ಹೋಗಿ ಫ್ಲಾಟು ಹಂಚಿಕೊಳ್ಳುವ ಕನ್ನಡದ ವಿದ್ಯಾರ್ಥಿಗಳಿಗೂ ಇದರ ನೆರಳಿದೆ.

ಆದರೆ ಈ ಕಥೆ ಕೇಳಿ ಇಲ್ಲಿ ಬಾಡಿಗೆ ನಿಲ್ಲಿಸುವುದು ಅಪಾಯಕರ. ನಮ್ಮ 1882ರ ಕಾಯಿದೆಯಲ್ಲಿ ಅಂಥ ಅಲಿಖಿತ ಭರವಸೆ ಇಲ್ಲ. ಬಾಡಿಗೆ ಕಟ್ಟದವನೇ ಮೊದಲು ಕರಾರು ಮುರಿದವನಾಗುತ್ತಾನೆ. ಅಲ್ಲಿ ನ್ಯಾಯಾಲಯ ತಾನಾಗಿ ಓದಿಕೊಂಡದ್ದನ್ನು ಇಲ್ಲಿ ಬಾಡಿಗೆದಾರ ಬರೆಸಿಕೊಳ್ಳಬೇಕು.

ಹತ್ತು ತಿಂಗಳ ಮುಂಗಡ

ಅಸಮಾಧಾನವಿದ್ದರೆ ಮನೆ ಬಿಟ್ಟುಹೋಗಬಹುದಲ್ಲ ಎಂದು ಕೇಳಬಹುದು. ಬಿಡಲು ಬಿಡದಿರುವುದು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಐದಾರು ತಿಂಗಳಿಗೆ ಒಪ್ಪುವವರೂ ಈಗ ಇದ್ದಾರೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ ಎರಡೂವರೆ ಲಕ್ಷ, ಮೂವರು ಹಂಚಿಕೊಂಡರೂ ತಲೆಗೆ 83,000ಕ್ಕೂ ಮೇಲೆ. ಊರಿನಲ್ಲಿ ಅಡಿಕೆಯೋ ರಾಗಿಯೋ ಮಾರಿ, ಒಡವೆ ಅಡವಿಟ್ಟು ಹೊಂದಿಸಿದ ದುಡ್ಡದು. ಶೇಕಡ 6ರ ಬಡ್ಡಿಯಲ್ಲಿ ಎರಡೂವರೆ ಲಕ್ಷಕ್ಕೆ ವರ್ಷಕ್ಕೆ 15,000 ರೂಪಾಯಿ ಬರುತ್ತಿತ್ತು, ಅದೂ ಹೋಯಿತು. ಮನೆ ಬಿಡುವಾಗ ‘ಪೇಂಟಿಂಗ್’ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯೂ ಇದೆ. ಮುಂಗಡ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಎಂಬ ಅಂಜಿಕೆಯಲ್ಲಿ ಮಕ್ಕಳು ದೂರು ಹೇಳುವುದನ್ನೇ ಬಿಡುತ್ತಾರೆ.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಈ ಎರಡಕ್ಕೂ ಬೇರೆ ದಾರಿ ತೋರಿಸಿತು. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂದಿತು. ರಿಪೇರಿಗಳನ್ನು ಹಂಚಿ ಪಟ್ಟಿ ಮಾಡಿತು. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳಿಗೆ ಬಣ್ಣ, ಪೈಪು ಬದಲಾವಣೆ, ವೈರಿಂಗ್ ಇವು ಮಾಲೀಕನವು. ನಲ್ಲಿಯ ವಾಷರ್, ಗೀಸರ್, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಚರಂಡಿ ಶುಚಿ ಇವು ಬಾಡಿಗೆದಾರನವು. ಇದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಿನಲ್ಲಿ ತಂದರಷ್ಟೇ ಜಾರಿ. ಆದರೂ ಈ ಪಟ್ಟಿಯನ್ನು ಕರಾರು ಪತ್ರಕ್ಕೆ ಇಳಿಸಿಕೊಳ್ಳುವುದನ್ನು ಯಾರೂ ತಡೆದಿಲ್ಲ. ‘ಸರ್ಕಾರವೇ ಹೀಗೆ ಹೇಳಿದೆ’ ಎಂದು ತೋರಿಸಿದರೆ ಅನೇಕ ಮಾಲೀಕರು ಒಪ್ಪಿಯೂ ಒಪ್ಪುತ್ತಾರೆ.

ಮಾಲೀಕರ ಕಡೆಯ ಮಾತೂ ಇದೆ. ವಿದ್ಯಾರ್ಥಿಗಳು ಹೇಳದೆ ಇನ್ನಿಬ್ಬರನ್ನು ಸೇರಿಸಿಕೊಳ್ಳುತ್ತಾರೆ, ಕರೆಂಟ್ ಬಿಲ್ ಬಾಕಿ ಉಳಿಸುತ್ತಾರೆ, ಸಿಂಕಿಗೆ ಅನ್ನ ಸುರಿದು ಪೈಪು ಕಟ್ಟಿಸುತ್ತಾರೆ, ರಾತ್ರಿ ಎರಡಕ್ಕೆ ಹಾಡು ಹಚ್ಚುತ್ತಾರೆ ಎಂಬುದು ಸುಳ್ಳಲ್ಲ. ನಿವೃತ್ತಿಯ ಹಣದಲ್ಲಿ ಒಂದು ಫ್ಲಾಟು ಕೊಂಡು, ಅದರ ಬಾಡಿಗೆಯಲ್ಲೇ ಔಷಧಿ ಖರ್ಚು ತೂಗಿಸುವ ಮಾಲೀಕರೂ ಇದ್ದಾರೆ. ತಾನು ಕರಾರಿನಂತೆ ನಡೆದವನ ದೂರಿಗೇ ತೂಕ.

ದೂರು ಬಾಯಲ್ಲಿ ಬೇಡ

ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದ ಮಾತು ಉಳಿಯುತ್ತದೆ. ‘ಮನೆ ಸರಿಯಿಲ್ಲ, ನೀವು ಏನೂ ಮಾಡ್ತಿಲ್ಲ’ ಎಂದು ಕೂಗಾಡುವ ಬದಲು ನಾಲ್ಕು ಸಾಲು ಬರೆಯಬೇಕು: ‘ಈ ತಿಂಗಳ 4ರಿಂದ ಅಡಿಗೆಮನೆಯ ಗೋಡೆಯಲ್ಲಿ ನೀರು ಇಳಿಯುತ್ತಿದೆ. ಸ್ವಿಚ್ ಬೋರ್ಡಿನವರೆಗೆ ತೇವ ಬಂದಿದೆ. ಮೇಲಿನ ಫ್ಲಾಟಿನ ಪೈಪು ಸೋರುತ್ತಿರಬಹುದೆಂದು ಪ್ಲಂಬರ್ ಹೇಳಿದ್ದಾರೆ. ಫೋಟೊ ಕಳಿಸಿದೆ. ದಯವಿಟ್ಟು ಹತ್ತು ದಿನದೊಳಗೆ ಸರಿಪಡಿಸಿಕೊಡಿ.’ ದಿನಾಂಕ, ತೊಂದರೆ, ಕಾರಣ, ಗಡುವು ನಾಲ್ಕೂ ಇದರಲ್ಲಿವೆ. ಬೈಗುಳವಿಲ್ಲ. ವಾಟ್ಸ್‌ಆಪ್ ಸಂದೇಶ, ಇ-ಮೇಲ್‌ಗಳೂ ಸಾಕ್ಷ್ಯವಾಗಬಲ್ಲವು. ಉತ್ತರ ಬಾರದಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು.

ಅಕ್ಕಪಕ್ಕದ ಬಾಡಿಗೆದಾರರಿಗೂ ಅದೇ ತೊಂದರೆಯಿದ್ದರೆ ಒಟ್ಟಾಗಿ ಬರೆಯುವುದು ಮೇಲು. ಒಂದು ಫ್ಲಾಟಿನ ಹುಡುಗರ ಮಾತು ತಂಟೆ ಎನಿಸಿಕೊಳ್ಳುತ್ತದೆ, ಹತ್ತು ಮನೆಗಳ ಸಹಿಯನ್ನು ಹಾಗೆ ತಳ್ಳಿಹಾಕುವುದು ಕಷ್ಟ.

ಇಷ್ಟಾಗಿಯೂ ಮುಂಗಡ ಮರಳದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ ಹೂಡಬಹುದು, ಅದಕ್ಕೆ ಮೂರು ವರ್ಷದ ಗಡುವು. ಅದಕ್ಕೂ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟುವುದು ಒಳ್ಳೆಯದು. ಕೋರ್ಟು ಮೆಟ್ಟಿಲು ಹತ್ತುವ ಮುನ್ನವೇ ಲೋಕ ಅದಾಲತ್ತಿನ ಮೂಲಕ ರಾಜಿಗೆ ಅಲ್ಲಿ ಅವಕಾಶವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಉಚಿತ. ಹೆಣ್ಣುಮಕ್ಕಳಿಗೆ ಇದರಲ್ಲಿ ಆದಾಯದ ಮಿತಿಯೂ ಇಲ್ಲ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಮಾಲೀಕ ಸಿಟ್ಟಿನಿಂದ ಬೀಗ ಜಡಿದು ಸಾಮಾನು ಹೊರಗೆ ಹಾಕಿದರೆ? ಕಾನೂನಿನ ದಾರಿ ಹಿಡಿಯದೆ ಹೊರದಬ್ಬಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು ಎನ್ನುತ್ತದೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮು. ಬೆದರಿಕೆ, ಕೈ ಮಾಡುವುದು ನಡೆದರೆ ಅದು ಪೊಲೀಸರ ವಿಷಯ.

ಮಕ್ಕಳು ಫೋನಿನಲ್ಲಿ ‘ಮನೆ ಸರಿಯಿಲ್ಲ’ ಎಂದಾಗ ‘ಹೊಂದ್ಕೊಂಡು ಹೋಗಪ್ಪ, ಓದಿನ ಕಡೆ ಗಮನ ಕೊಡು’ ಎನ್ನುವುದು ತಂದೆತಾಯಿಯರ ಅಭ್ಯಾಸ. ಮಾಸಿದ ಬಣ್ಣದ ಬಗ್ಗೆ ಅದು ಸರಿಯಾದ ಉತ್ತರ. ಬಚ್ಚಲಿನ ಗೀಸರ್ ಬಗ್ಗೆ, ಒದ್ದೆ ಸ್ವಿಚ್ಚಿನ ಬಗ್ಗೆ ಅದು ಉತ್ತರವಲ್ಲ. ಏನು ಸರಿಯಿಲ್ಲ ಎಂದು ಇನ್ನೊಂದು ಪ್ರಶ್ನೆ ಕೇಳುವುದರಲ್ಲಿ ಓದಿಗೇನೂ ನಷ್ಟವಾಗದು.

ಸಹಿ ಹಾಕುವ ಮುನ್ನ

* ಮನೆಯನ್ನು ಎರಡು ಸಲ ನೋಡಿ, ಒಮ್ಮೆ ಹಗಲು, ಒಮ್ಮೆ ರಾತ್ರಿ. ಎಲ್ಲ ನಲ್ಲಿಗಳನ್ನೂ ತಿರುಗಿಸಿ, ಫ್ಲಷ್ ಎಳೆಯಿರಿ, ದೀಪ ಹಾಕಿ ನೋಡಿ.

* ಬೀಗದ ಕೈ ಪಡೆದ ದಿನವೇ ಪ್ರತಿ ಕೋಣೆಯ ಫೋಟೊ ತೆಗೆದು ಮಾಲೀಕರಿಗೂ ಕಳಿಸಿ. ಮುಂಗಡ ಮುರಿಯುವ ಕಾಲಕ್ಕೆ ಇದೇ ದೊಡ್ಡ ಸಾಕ್ಷಿ.

* ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ನಗದು ಕೊಟ್ಟರೆ ರಸೀದಿ ಪಡೆಯಿರಿ.

* ಕರಾರಿನಲ್ಲಿ ಇರುವ ಎಲ್ಲ ವಿದ್ಯಾರ್ಥಿಗಳ ಹೆಸರೂ ಇರಲಿ. ಒಬ್ಬ ನಡುವೆ ಬಿಟ್ಟುಹೋದರೆ ಅವನ ಪಾಲಿನ ಮುಂಗಡ ಯಾರು ಕೊಡಬೇಕೆಂದು ನಿಮ್ಮ ನಿಮ್ಮಲ್ಲೇ ಬರೆದುಕೊಳ್ಳಿ.

* ಯಾವ ರಿಪೇರಿ ಯಾರದು, ಟ್ಯಾಂಕರ್ ನೀರಿನ ಖರ್ಚು ಯಾರದು, ಪೇಂಟಿಂಗ್‌ಗೆ ಎಷ್ಟು, ಎಷ್ಟು ದಿನದ ನೋಟಿಸು, ಮನೆ ಬಿಟ್ಟ ಎಷ್ಟು ದಿನದೊಳಗೆ ಮುಂಗಡ ವಾಪಸು ಎಂಬ ಐದೂ ಕರಾರಿನಲ್ಲಿರಲಿ. ನೋಟಿಸಿನ ಬಗ್ಗೆ ಏನೂ ಬರೆಯದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ಲಿಖಿತ ನೋಟಿಸು ಸಾಕೆಂದು 1882ರ ಕಾಯಿದೆ ಹೇಳುತ್ತದೆ.

* ಸಂಘದ ಬೈಲಾದ ಪ್ರತಿ ಕೇಳಿ. ಅತಿಥಿಗಳು, ಗೇಟು ಮುಚ್ಚುವ ಹೊತ್ತು, ಗಾಡಿ ನಿಲ್ಲಿಸುವ ಜಾಗದ ನಿಯಮಗಳನ್ನು ಮೊದಲೇ ತಿಳಿಯಿರಿ.

* ಹಿಂದಿನವರ ಕರೆಂಟ್ ಬಿಲ್ ಬಾಕಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸರ್ಕಾರ 2023ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಹರು, ಆದರೆ ಹಿಂದಿದ್ದವರ ಹೆಸರಿನ ಜೋಡಣೆ ರದ್ದಾಗಿರಬೇಕು.